ಬಣ್ಣ ಕಾಣದ ಬೊಂಡಾಸಿನ ಬಣ್ಣಗಾರಿಕೆ

ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳುವ ಸಣ್ಣ ದೋಣಿಗಳಿಂದ ಆಗಷ್ಟೇ ಇಳಿಸಿದ ಬೊಂಡಾಸನ್ನು, ಅಂದರೆ ಸ್ಕ್ವಿಡ್ ಅನ್ನು, ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು: ಪ್ರಾಣಿ ಸತ್ತಿರುತ್ತದೆ, ಚರ್ಮ ಮಾತ್ರ ಇನ್ನೂ ಸತ್ತಿರುವುದಿಲ್ಲ. ಕಂದುಗೆಂಪು ಚುಕ್ಕೆಗಳು ಒಂದು ಕಡೆ ಅರಳುತ್ತವೆ, ಇನ್ನೊಂದು ಕಡೆ ಮುದುಡುತ್ತವೆ. ಬೆರಳಿಟ್ಟರೆ ಸುತ್ತಲಿನ ಚುಕ್ಕೆಗಳು ತಟ್ಟನೆ ಹಿಗ್ಗುತ್ತವೆ. ಕೆಲವು ಗಂಟೆ ಕಳೆದರೆ ಈ ಆಟವೆಲ್ಲ ನಿಲ್ಲುತ್ತದೆ. ಇನ್ನೂ ಹಳತಾದರೆ ಬಣ್ಣದ ಚೀಲಗಳು ಒಡೆದು ಬಿಳಿ ಮಾಂಸಕ್ಕೆ ಗುಲಾಬಿ ಛಾಯೆ ಹತ್ತುತ್ತದೆ. ಮೀನು ಆರಿಸಿ ಕೊಳ್ಳುವವರು ಅಂಥದ್ದನ್ನು ಪಕ್ಕಕ್ಕೆ ಸರಿಸುವುದು ಅದಕ್ಕೇ.

ಸತ್ತ ಮೇಲಿನ ಈ ಮಿನುಗಿಗೆ ಅರ್ಥವೇನೂ ಇಲ್ಲ. ಅದು ಯಜಮಾನನಿಲ್ಲದ ಸ್ನಾಯುಗಳ ಸೆಳೆತ. ಜೀವಂತ ಸ್ಕ್ವಿಡ್‌ನಲ್ಲಿ ಅವೇ ಚುಕ್ಕೆಗಳು ಪಟ್ಟೆಯಾಗುತ್ತವೆ, ಕಲೆಯಾಗುತ್ತವೆ, ಮೈತುಂಬ ಹರಿದಾಡುವ ನೆರಳಾಗುತ್ತವೆ. ಸತ್ತ ಚರ್ಮಕ್ಕೂ ಬದುಕಿರುವ ಚರ್ಮಕ್ಕೂ ಸಾಮಗ್ರಿಯಲ್ಲಿ ವ್ಯತ್ಯಾಸವಿಲ್ಲ, ಆಳುವವರು ಇದ್ದಾರೋ ಇಲ್ಲವೋ ಎಂಬುದರಲ್ಲಿದೆ. ಈಚೆಗೆ ಈ ಚರ್ಮದ ಬಗ್ಗೆ ಬರುತ್ತಿರುವ ಸುದ್ದಿಗಳನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು ಅನಿಸುತ್ತದೆ.

ಸುದ್ದಿಗಳು ಎರಡು, ಎರಡೂ 2025ರವು. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಅಲಾನ್ ಗೊರೊಡೆಟ್ಸ್ಕಿ ತಂಡ, ವುಡ್ಸ್ ಹೋಲ್‌ನ ಮರೈನ್ ಬಯಾಲಜಿಕಲ್ ಲ್ಯಾಬೊರೇಟರಿಯ ರೋಜರ್ ಹ್ಯಾನ್ಲನ್ ಜತೆ ಸೇರಿ, ಸ್ಕ್ವಿಡ್ ಚರ್ಮದ ಹೊಳೆಯುವ ಕೋಶಗಳ ಒಳರಚನೆಯನ್ನು ಮೂರು ಆಯಾಮದಲ್ಲಿ ಬಿಡಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಬ್ರ್ಯಾಡ್ಲಿ ಮೂರ್ ತಂಡ, ಇದೇ ಕುಲದ ಪ್ರಾಣಿಗಳ ಬಣ್ಣದ್ರವ್ಯ ಜಾಂತೊಮ್ಯಾಟಿನ್ ಅನ್ನು ಬ್ಯಾಕ್ಟೀರಿಯಾದಿಂದ ಲೀಟರಿಗೆ ಗ್ರಾಂಗಟ್ಟಲೆ ಪಡೆದಿರುವುದಾಗಿ ಹೇಳಿತು. ಅದಕ್ಕೂ ಮೊದಲು ಇಂಥ ವಿಧಾನಗಳಲ್ಲಿ ಸಿಗುತ್ತಿದ್ದುದು ಕೆಲವೇ ಮಿಲಿಗ್ರಾಂ. ಎರಡೂ ಗಟ್ಟಿ ಕೆಲಸಗಳೇ. ಆದರೆ ಸುದ್ದಿಮನೆಗಳಿಗೆ ತಲುಪುವಷ್ಟರಲ್ಲಿ ಎರಡೂ ‘ಅದೃಶ್ಯವಾಗಿಸುವ ಉಡುಪು’ ಎಂಬ ಒಂದೇ ಗೂಟಕ್ಕೆ ಬಿಗಿಯಲ್ಪಟ್ಟವು. ಆ ಮಾತಿನಲ್ಲಿ ನಿಜವೆಷ್ಟು ಎಂದು ತೂಗಲು ಚರ್ಮದ ಒಳಗೆ ಒಮ್ಮೆ ಇಳಿಯಬೇಕು.

ಮೇಲಿನ ಪದರದಲ್ಲಿರುವುದು ವರ್ಣಕೋಶಗಳು, ವಿಜ್ಞಾನಿಗಳ ಮಾತಿನಲ್ಲಿ ಕ್ರೊಮ್ಯಾಟೊಫೋರ್. ಪ್ರತಿಯೊಂದರ ನಡುವೆ ಹಿಗ್ಗುವ ಗುಣದ ಒಂದು ಪುಟ್ಟ ಚೀಲ, ಅದರ ತುಂಬ ಹಳದಿ, ಕೆಂಪು ಇಲ್ಲವೇ ಕಂದು ಬಣ್ಣದ ಕಣಗಳು. ಚೀಲದ ಸುತ್ತ ಸೂರ್ಯಕಿರಣದ ವಿನ್ಯಾಸದಲ್ಲಿ ಹತ್ತಿಪ್ಪತ್ತು ಸ್ನಾಯುಗಳು ಅಂಟಿಕೊಂಡಿರುತ್ತವೆ. ಸುತ್ತ ನಿಂತವರೆಲ್ಲ ಜಮಖಾನದ ಅಂಚು ಹಿಡಿದು ಒಟ್ಟಿಗೆ ಎಳೆದಂತೆ ಈ ಸ್ನಾಯುಗಳು ಸಂಕುಚಿಸಿದಾಗ ಚೀಲ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಬಣ್ಣ ಕಾಣುತ್ತದೆ. ಸ್ನಾಯು ಸಡಿಲಿಸಿದರೆ ಚೀಲ ತನ್ನ ಸ್ಥಿತಿಸ್ಥಾಪಕತೆಯಿಂದಲೇ ಮುದುಡಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯಾಗುತ್ತದೆ. ಸೆಕೆಂಡಿನ ಒಂದು ಪಾಲಿನಲ್ಲಿ ಇಷ್ಟೂ ಮುಗಿದಿರುತ್ತದೆ. ಬಣ್ಣ ಹೊಸದಾಗಿ ತಯಾರಾಗುವುದೂ ಇಲ್ಲ, ಅಳಿಯುವುದೂ ಇಲ್ಲ. ಇದ್ದ ಬಣ್ಣವನ್ನೇ ತೆರೆಯುವುದು, ಮುಚ್ಚುವುದು ಅಷ್ಟೆ.

ಇಲ್ಲಿ ಅಚ್ಚರಿಪಡಬೇಕಾದ್ದು ಚೀಲಕ್ಕಲ್ಲ, ಅದಕ್ಕೆ ಬಂದು ಸೇರುವ ತಂತಿಗೆ. ಈ ಸ್ನಾಯುಗಳನ್ನು ಆಳುವ ನರಕೋಶಗಳ ಮೂಲ ಮಿದುಳಿನಲ್ಲೇ ಇದೆ. ಅದಕ್ಕೆಂದೇ ಮೀಸಲಾದ ಹಾಲೆಗಳಿಂದ ಹೊರಟ ನರತಂತುಗಳು ನಡುವೆ ಎಲ್ಲೂ ಬೇರೊಂದು ನರಕೋಶಕ್ಕೆ ಸಂದೇಶ ದಾಟಿಸದೆ ನೇರವಾಗಿ ಚರ್ಮದ ಸ್ನಾಯುವನ್ನು ತಲುಪುತ್ತವೆ. ಗ್ಲುಟಮೇಟ್ ಎಂಬ ನರವಾಹಕ (ನರದ ಸಂದೇಶ ಮುಟ್ಟಿಸುವ ರಾಸಾಯನಿಕ) ಬಂದರೆ ಸ್ನಾಯು ಎಳೆಯುತ್ತದೆ, ಸೆರಟೊನಿನ್ ಬಂದರೆ ಸಡಿಲವಾಗುತ್ತದೆ. ಮೈಯ ಒಂದು ಪಾರ್ಶ್ವಕ್ಕೆ ಹೋಗುವ ನರವನ್ನು ಕತ್ತರಿಸಿದರೆ ಆ ಪಾರ್ಶ್ವವಷ್ಟೂ ಬಿಳಿಚಿಕೊಳ್ಳುತ್ತದೆ, ಇನ್ನೊಂದು ಪಾರ್ಶ್ವ ಏನೂ ಆಗಿಲ್ಲವೆಂಬಂತೆ ಚಿತ್ರ ಬಿಡಿಸುತ್ತಲೇ ಇರುತ್ತದೆ. 2012ರಲ್ಲಿ ಬ್ಯಾಕ್‌ಯಾರ್ಡ್ ಬ್ರೇನ್ಸ್ ಎಂಬ ಪುಟ್ಟ ಸಂಸ್ಥೆಯವರು ವುಡ್ಸ್ ಹೋಲ್‌ನಲ್ಲಿ ಒಂದು ತಮಾಷೆ ಮಾಡಿದರು. ಐಪಾಡ್‌ನ ಇಯರ್‌ಫೋನ್ ತಂತಿಯನ್ನು ಸ್ಕ್ವಿಡ್‌ನ ಈಜುರೆಕ್ಕೆಯ ನರಕ್ಕೆ ಜೋಡಿಸಿ ಹಾಡು ಹಾಕಿದರು. ತಾಳದ ಪೆಟ್ಟು ಬಿದ್ದಾಗಲೆಲ್ಲ ಚುಕ್ಕೆಗಳು ಅರಳಿದವು. ನೋಡಲು ಮೋಜು, ಆದರೆ ವಿದ್ಯುತ್ ಸಂಕೇತ ಬಂದರೆ ಸಾಕು, ಚರ್ಮ ತನ್ನದೇನನ್ನೂ ಸೇರಿಸದೆ ಆಡಿಸಿದಂತೆ ಆಡುತ್ತದೆ ಎಂಬುದಕ್ಕೆ ಅದಕ್ಕಿಂತ ಸರಳ ರುಜುವಾತು ಬೇಕಿಲ್ಲ.

ಊಸರವಳ್ಳಿಯ ಲೆಕ್ಕವೇ ಬೇರೆ. ಅದರ ಚರ್ಮದ ಕೋಶಗಳಲ್ಲಿರುವ ಗ್ವಾನೀನ್ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಹಸಿರು ಹಳದಿಯಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಆ ಬದಲಾವಣೆಗೆ ನಿಮಿಷಗಳು ಬೇಕು. ಗಳಿಗೆಗೊಂದು ಪಕ್ಷ ಬದಲಿಸುವವರಿಗೆ ನಾವು ಊಸರವಳ್ಳಿಯ ಹೆಸರಿಡುತ್ತೇವೆ. ವೇಗದ ದೃಷ್ಟಿಯಿಂದ ನೋಡಿದರೆ ಆ ಬಿರುದು ಬೊಂಡಾಸಿಗೇ ಸಲ್ಲಬೇಕಿತ್ತು.

ವರ್ಣಕೋಶಗಳ ಕೆಳಗೆ ಇನ್ನೊಂದು ಪದರವಿದೆ. ಹಳದಿ, ಕೆಂಪು, ಕಂದು ಚೀಲಗಳನ್ನು ಎಷ್ಟು ಬೆರೆಸಿದರೂ ನೀಲಿ ಹುಟ್ಟುವುದಿಲ್ಲ, ಹಸಿರು ಹುಟ್ಟುವುದಿಲ್ಲ. ಆ ಬಣ್ಣಗಳನ್ನು ಕೊಡುವುದು ಇರಿಡೊಫೋರ್ ಎಂಬ ಹೊಳಪಿನ ಕೋಶಗಳು. ಇವುಗಳಲ್ಲಿ ಬಣ್ಣದ್ರವ್ಯವೇ ಇಲ್ಲ. ರಿಫ್ಲೆಕ್ಟಿನ್ ಎಂಬ ಪ್ರೋಟೀನಿನ ತೆಳು ತಟ್ಟೆಗಳು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ತಟ್ಟೆಗಳ ದಪ್ಪ, ಅವುಗಳ ನಡುವಿನ ಸಂದು ಬೆಳಕಿನ ಅಲೆಯುದ್ದದ ಅಳತೆಯಲ್ಲೇ ಇರುವುದರಿಂದ ಕೆಲವು ಅಲೆಗಳು ಒಂದಕ್ಕೊಂದು ಕೂಡಿ ಬಲಗೊಳ್ಳುತ್ತವೆ, ಉಳಿದವು ಪರಸ್ಪರ ಅಳಿಸಿಕೊಳ್ಳುತ್ತವೆ. ಮಳೆನೀರಿನ ಮೇಲೆ ಬಿದ್ದ ಪೆಟ್ರೋಲ್ ಬಣ್ಣಬಣ್ಣವಾಗಿ ಕಾಣುವುದರ ಹಿಂದಿರುವ ಭೌತವಿಜ್ಞಾನವೂ ಇದೇ. ರಿಫ್ಲೆಕ್ಟಿನ್‌ಗೆ ಆ ಹೆಸರು ಬಂದದ್ದು 2004ರಲ್ಲಿ, ಹವಾಯಿಯ ಹೆಬ್ಬೆರಳುದ್ದದ ಬಾಬ್‌ಟೇಲ್ ಸ್ಕ್ವಿಡ್‌ನ ಅಧ್ಯಯನದಿಂದ.

ಬಹುತೇಕ ಪ್ರಾಣಿಗಳಲ್ಲಿ ಇಂಥ ರಾಚನಿಕ ಬಣ್ಣ ಒಮ್ಮೆ ರೂಪುಗೊಂಡರೆ ಹಾಗೇ ಇರುತ್ತದೆ. ನವಿಲು ತನ್ನ ಗರಿಯ ನೀಲಿಯನ್ನು ಮನಸ್ಸು ಬಂದಾಗ ಹಸಿರಾಗಿಸಲಾರದು. ಸ್ಕ್ವಿಡ್ ಅದನ್ನೂ ಮಾಡುತ್ತದೆ. ಸ್ಯಾಂಟಾ ಬಾರ್ಬರಾದ ಡೇನಿಯಲ್ ಮೋರ್ಸ್ ಪ್ರಯೋಗಾಲಯ ವರ್ಷಗಟ್ಟಲೆ ದುಡಿದು ಬಿಡಿಸಿದ ಕಥೆ ಇದು: ಅಸಿಟೈಲ್‌ಕೋಲಿನ್ ಎಂಬ ನರವಾಹಕ ಕೋಶವನ್ನು ತಟ್ಟಿದಾಗ ರಿಫ್ಲೆಕ್ಟಿನ್‌ಗೆ ಫಾಸ್ಫೇಟ್ ಸೇರುತ್ತದೆ, ಅದರ ಧನ ವಿದ್ಯುದಂಶ ತಗ್ಗುತ್ತದೆ. ಅಷ್ಟರವರೆಗೆ ಪರಸ್ಪರ ದೂರ ತಳ್ಳುತ್ತಿದ್ದ ಪ್ರೋಟೀನ್‌ಗಳು ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ತಟ್ಟೆಯೊಳಗಿನ ನೀರು ಹೊರಗೆ ಹೋಗುತ್ತದೆ, ತಟ್ಟೆ ತೆಳುವಾಗುತ್ತದೆ, ಪ್ರತಿಫಲಿಸುವ ಬಣ್ಣ ಕೆಂಪಿನಿಂದ ಹಸಿರು ದಾಟಿ ನೀಲಿಯ ಕಡೆಗೆ ಸರಿಯುತ್ತದೆ. ಸಂಕೇತ ನಿಂತರೆ ನೀರು ಮರಳಿ ಒಳಬರುತ್ತದೆ. ವರ್ಣಕೋಶದ ಮಿಂಚಿನ ವೇಗ ಇದಕ್ಕಿಲ್ಲ, ಸೆಕೆಂಡುಗಳಿಂದ ನಿಮಿಷಗಳವರೆಗೆ ಹಿಡಿಯುತ್ತದೆ. ಆದರೂ ಇದು ಕೂಡ ನರದ ಹಿಡಿತದಲ್ಲೇ ಇದೆ ಎಂದು 2012ರಲ್ಲಿ ಹ್ಯಾನ್ಲನ್ ಸಂಗಡಿಗರು ನರವನ್ನು ಪ್ರಚೋದಿಸಿ ತೋರಿಸಿದರು.

ಅರ್ವೈನ್ ತಂಡದ ಹೊಸ ಮಾತು ಈ ತಟ್ಟೆಗಳ ಬಗೆಗಿನದು. ಹಾಲೊಟೊಮೊಗ್ರಫಿ ಎಂಬ ವಿಧಾನದಿಂದ ಕೋಶವನ್ನು ಕೊಯ್ಯದೆ, ಬಣ್ಣ ಹಚ್ಚದೆ ಒಳಗಿನ ವಕ್ರೀಭವನ ಸೂಚ್ಯಂಕವನ್ನು (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯನ್ನು) ಅಳೆದಾಗ ಕಂಡದ್ದು ಅಂಕುಡೊಂಕಾಗಿ ಸಾಗುವ ಸ್ತಂಭಗಳು. ಅವುಗಳಲ್ಲಿ ಸೂಚ್ಯಂಕ ಮೆಟ್ಟಿಲಿನಂತೆ ಜಿಗಿಯುವುದಿಲ್ಲ, ಅಲೆಯಾಗಿ ಏರಿಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಗೆರೆ ಎಳೆದು ತೋರಿಸುವ ಅಚ್ಚುಕಟ್ಟಾದ ಪದರಗಳಿಗಿಂತ ಇದು ತುಸು ಮೃದು, ತುಸು ಸೊಟ್ಟ. ಇದೇ ಮಾದರಿಯಲ್ಲಿ ಅವರು ಹಿಗ್ಗುವ ಹಾಳೆಯೊಂದನ್ನು ತಯಾರಿಸಿದರು. ಎಳೆದರೆ, ಬಾಗಿಸಿದರೆ ಅದರ ಬಣ್ಣ ಬದಲಾಗುತ್ತದೆ. ಲೋಹದ ತೆಳು ಲೇಪ ಸೇರಿಸಿದರೆ ಅವಕೆಂಪು ಬೆಳಕಿನಲ್ಲೂ ಅದರ ಸ್ವಭಾವ ಬದಲಾಗುತ್ತದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣ ಇದರ ಹಿಂದಿದೆ ಎಂದರೆ ‘ಅದೃಶ್ಯ ಉಡುಪು’ ಎಂಬ ಶೀರ್ಷಿಕೆ ಎಲ್ಲಿಂದ ಹುಟ್ಟಿತು ಎಂದು ಊಹಿಸಬಹುದು.

ಈಗ ಈ ಇಡೀ ವಿಷಯದ ಅತ್ಯಂತ ಸೋಜಿಗದ ಭಾಗ. ಇಷ್ಟೆಲ್ಲ ಬಣ್ಣಗಾರಿಕೆ ಮಾಡುವ ಪ್ರಾಣಿಗೆ ಬಣ್ಣ ಕಾಣುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸಲು ಮೂರು ಬಗೆಯ ಗ್ರಾಹಕಗಳಿದ್ದರೆ ಬಹುಪಾಲು ಸ್ಕ್ವಿಡ್, ಅದರ ದಾಯಾದಿಗಳಾದ ಕಟಲ್‌ಫಿಶ್, ಆಕ್ಟೋಪಸ್‌ಗಳ ಕಣ್ಣಿನಲ್ಲಿರುವುದು ಒಂದೇ ಬಗೆ. ಸುಮಾರು 490 ನ್ಯಾನೊಮೀಟರ್‌ನ ನೀಲಿಹಸಿರು ಬೆಳಕಿಗೆ ಅದು ಹೆಚ್ಚು ಸ್ಪಂದಿಸುತ್ತದೆ. ಜಪಾನಿನ ತೊಯಾಮಾ ಕೊಲ್ಲಿಯಲ್ಲಿ ವಸಂತದಲ್ಲಿ ರಾಶಿರಾಶಿಯಾಗಿ ಮಿನುಗುವ ಮಿಂಚುಹುಳು ಸ್ಕ್ವಿಡ್ ಇದಕ್ಕೆ ಪ್ರಸಿದ್ಧ ಅಪವಾದ, ಅದಕ್ಕೆ ಮೂರು ದೃಷ್ಟಿದ್ರವ್ಯಗಳಿವೆ. 2006ರಲ್ಲಿ ಲಿಡಿಯಾ ಮ್ಯಾತ್‌ಗರ್, ಹ್ಯಾನ್ಲನ್ ಮತ್ತಿತರರು ಕಟಲ್‌ಫಿಶ್‌ಗಳನ್ನು ನೀಲಿ ಹಳದಿ ಚೌಕಗಳ ಹಾಸಿನ ಮೇಲೆ ಬಿಟ್ಟು ನೋಡಿದರು. ಎರಡೂ ಬಣ್ಣಗಳ ಹೊಳಪು ಆ ಪ್ರಾಣಿಯ ಕಣ್ಣಿಗೆ ಸಮನಾಗಿರುವಂತೆ ಹೊಂದಿಸಿದಾಗ ಅದಕ್ಕೆ ಚೌಕಗಳೇ ಕಾಣಲಿಲ್ಲ. ಖಾಲಿ ನೆಲದ ಮೇಲಿದ್ದಂತೆ ಮೈಯನ್ನು ಏಕರೂಪವಾಗಿ ಇಟ್ಟುಕೊಂಡಿತು.

ಹಾಗಾದರೆ ಸುತ್ತಲಿನ ಬಣ್ಣಕ್ಕೆ ಮೈಬಣ್ಣ ಹೊಂದುವುದು ಹೇಗೆ? ಚರ್ಮವೇ ನೋಡುತ್ತದೆ ಎಂಬುದು ಒಂದು ಆಕರ್ಷಕ ಉತ್ತರ. 2015ರಲ್ಲಿ ಎರಡು ತಂಡಗಳು ಅದರ ಬೆನ್ನು ಹತ್ತಿದವು. ಸ್ಕ್ವಿಡ್‌ನ ವರ್ಣಕೋಶಗಳಲ್ಲೇ ಕಣ್ಣಿನಲ್ಲಿರುವಂಥ ಬೆಳಕುಗ್ರಾಹಕ ಪ್ರೋಟೀನ್‌ಗಳಿವೆ ಎಂದು ಒಂದು ಕಂಡುಕೊಂಡಿತು. ಮೈಯಿಂದ ಬೇರ್ಪಡಿಸಿದ ಆಕ್ಟೋಪಸ್ ಚರ್ಮದ ತುಂಡು ಬೆಳಕು ಬಿದ್ದಾಗ ತಾನಾಗಿ ಚುಕ್ಕೆ ಅರಳಿಸುತ್ತದೆ ಎಂದು ಇನ್ನೊಂದು ತೋರಿಸಿತು. ಆದರೆ ಆ ಗ್ರಾಹಕಗಳೂ ಕಣ್ಣಿನವುಗಳ ಜಾತಿಯವೇ. ಬೆಳಕಿದೆಯೇ ಇಲ್ಲವೇ ಎಂದು ತಿಳಿಸಬಲ್ಲವು, ಅದು ಕೆಂಪೋ ಹಸಿರೋ ಎಂದು ಹೇಳಲಾರವು. ಮರುವರ್ಷ ಅಲೆಕ್ಸಾಂಡರ್ ಮತ್ತು ಕ್ರಿಸ್ಟೊಫರ್ ಸ್ಟಬ್ಸ್ ಎಂಬ ಮಗ-ಅಪ್ಪ ಇನ್ನೊಂದು ಸಾಧ್ಯತೆ ಮುಂದಿಟ್ಟರು. ಈ ಪ್ರಾಣಿಗಳ ವಿಚಿತ್ರ ಆಕಾರದ ಪಾಪೆಯಿಂದಾಗಿ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ದೂರದಲ್ಲಿ ಕೇಂದ್ರೀಕರಿಸುತ್ತದೆ, ಯಾವುದು ಮಸುಕು ಯಾವುದು ಸ್ಪಷ್ಟ ಎಂಬುದರಿಂದ ಬಣ್ಣವನ್ನು ಊಹಿಸಬಹುದು ಎಂಬ ವಾದ ಅವರದು. ಗಣಿತ ಚೆಂದವಿದೆ. ಪ್ರಾಣಿ ನಿಜಕ್ಕೂ ಹಾಗೆ ಮಾಡುತ್ತದೆ ಎಂಬುದಕ್ಕೆ ವರ್ತನೆಯ ಪುರಾವೆ ಬೇಕು.

ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಇದಕ್ಕಿಂತ ಸಾದಾ. ಪ್ರಾಣಿಗೆ ಬಣ್ಣ ಗೊತ್ತಿರಬೇಕಾದ ಅಗತ್ಯವೇ ಬಹಳ ಕಡೆ ಇಲ್ಲ. ಸಮುದ್ರದಲ್ಲಿ ಹತ್ತು ಹದಿನೈದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕನ್ನು ನೀರು ಬಹುಪಾಲು ಹೀರಿರುತ್ತದೆ. ಅಲ್ಲಿ ಕೆಂಪು ಚುಕ್ಕೆ ಎಂದರೆ ಕಪ್ಪು ಚುಕ್ಕೆ. ಉಳಿದ ನೀಲಿಹಸಿರು ಬೆಳಕನ್ನು ಕೆಳಪದರದ ಹೊಳಪುಕೋಶಗಳು ಸುತ್ತಲಿನಿಂದಲೇ ತೆಗೆದುಕೊಂಡು ಮರಳಿಸುತ್ತವೆ. ನೀರಿನ ಬಣ್ಣ ಯಾವುದೋ ಹೊಳಪಿನ ಬಣ್ಣವೂ ಹೆಚ್ಚುಕಡಿಮೆ ಅದೇ ಆಗುತ್ತದೆ. ಬಣ್ಣದ ಲೆಕ್ಕವನ್ನು ಹೀಗೆ ಬೆಳಕಿಗೇ ಬಿಟ್ಟು ಮಿದುಳು ತಾನು ನೋಡಬಲ್ಲದ್ದನ್ನು ಮಾತ್ರ ಸಂಭಾಳಿಸುತ್ತದೆ: ಎಲ್ಲಿ ಕಪ್ಪು, ಎಲ್ಲಿ ಬಿಳುಪು, ಅಂಚು ಎಲ್ಲಿ, ಕಲೆಯ ಗಾತ್ರ ಎಷ್ಟು. ಜತೆಗೆ ಕಂಗೆಡಿಸಬೇಕಾದ್ದು ಎದುರಿಗೆ ಬರುವ ಮೀನಿನ ಕಣ್ಣನ್ನು, ಅದೂ ಕೆಲವು ಕ್ಷಣ. ಹಿನ್ನೆಲೆಯ ಪಡಿಯಚ್ಚು ತೆಗೆಯಬೇಕೆಂಬ ಹಟ ಯಾವ ಸ್ಕ್ವಿಡ್‌ಗೂ ಇಲ್ಲ.

ಎಷ್ಟೋ ಸಲ ಅಡಗುವುದು ಅದರ ಉದ್ದೇಶವೂ ಅಲ್ಲ. ಕೆರಿಬಿಯನ್ ಹವಳದಿಬ್ಬಗಳ ಸ್ಕ್ವಿಡ್‌ಗಳಲ್ಲಿ ಗಂಡು ತನ್ನ ಒಂದು ಮಗ್ಗುಲಲ್ಲಿ ಹೆಣ್ಣಿಗೆ ಪ್ರಣಯದ ಚಿತ್ರ ತೋರಿಸುತ್ತ, ಇನ್ನೊಂದು ಮಗ್ಗುಲಲ್ಲಿ ಪ್ರತಿಸ್ಪರ್ಧಿಗೆ ಬೆದರಿಕೆಯ ಚಿತ್ರ ಹಿಡಿಯಬಲ್ಲದು. ಪೆಸಿಫಿಕ್‌ನ ಹಂಬೋಲ್ಟ್ ಸ್ಕ್ವಿಡ್ ಇಡೀ ಮೈಯನ್ನು ಕೆಂಪು ಬಿಳಿ ಕೆಂಪು ಬಿಳಿ ಎಂದು ಮಿಟುಕಿಸುತ್ತದೆ. ಕತ್ತಲಿನ ಆಳದಲ್ಲಿ ಅದನ್ನು ನೋಡುವವರು ಯಾರು ಎಂಬ ಪ್ರಶ್ನೆಗೆ 2020ರಲ್ಲಿ ಮಾಂಟೆರೆ ಕೊಲ್ಲಿಯ ಸಂಶೋಧಕರಾದ ಬೆಂಜಮಿನ್ ಬರ್ಫರ್ಡ್ ಮತ್ತು ಬ್ರೂಸ್ ರಾಬಿಸನ್ ಒಂದು ಉತ್ತರ ಕೊಟ್ಟರು. ಮಾಂಸದೊಳಗಿನ ಬೆಳಕಿನ ಅಂಗಗಳು ಮೈಯನ್ನು ಒಳಗಿನಿಂದ ಬೆಳಗುತ್ತವೆ, ಅದರ ಮುಂದೆ ಚರ್ಮದ ಚಿತ್ರಗಳು ಎದ್ದು ಕಾಣುತ್ತವೆ, ಗುಂಪಿನ ಸಂಗಾತಿಗಳಿಗೆ ಸಂದೇಶ ಮುಟ್ಟುತ್ತದೆ ಎಂಬುದು ಅವರ ಅಂದಾಜು. ಇನ್ನೊಂದು ಆಳಸಮುದ್ರದ ಸ್ಕ್ವಿಡ್, ಓನಿಕೊಟ್ಯೂಥಿಸ್, ಸಾಮಾನ್ಯವಾಗಿ ಪಾರದರ್ಶಕವಾಗಿದ್ದು ನೀಲಿ ಬೆಳಕು ಮೈಮೇಲೆ ಬಿದ್ದೊಡನೆ ಕೆಂಪಾಗುತ್ತದೆ. ಮೈಯಲ್ಲೇ ದೀಪ ಹೊತ್ತು ಬೇಟೆಯಾಡುವ ಮೀನುಗಳ ಬೆಳಕು ನೀಲಿ. ಪಾರದರ್ಶಕ ಮೈ ಅದನ್ನು ಪ್ರತಿಫಲಿಸಿ ಸಿಕ್ಕಿಬೀಳುತ್ತದೆ, ಕೆಂಪು ಮೈ ಅದನ್ನು ನುಂಗಿಬಿಡುತ್ತದೆ.

ಬಯಲು ನೀರಿನ ಸ್ಕ್ವಿಡ್‌ಗಳು ತಳದ ನೆಲಕ್ಕೆ ತಕ್ಕಂತೆ ಬಣ್ಣ ಹೊಂದಿಸಿಕೊಳ್ಳುವುದನ್ನು ಮಾತ್ರ ಬಹುಕಾಲ ಯಾರೂ ಪ್ರಯೋಗದಲ್ಲಿ ತೋರಿಸಿರಲಿಲ್ಲ. ಅದು ಬೆಳಕಿಗೆ ಬಂದದ್ದು ತೊಟ್ಟಿ ತೊಳೆಯುವ ಕೆಲಸದಿಂದ. ಒಕಿನಾವಾ ವಿಜ್ಞಾನ ತಂತ್ರಜ್ಞಾನ ಸಂಸ್ಥೆಯಲ್ಲಿ ಓವಲ್ ಸ್ಕ್ವಿಡ್ ಸಾಕುತ್ತಿದ್ದವರು ಪಾಚಿ ತೆಗೆಯುತ್ತಿದ್ದಾಗ, ತೊಳೆದ ಭಾಗದ ಮೇಲೆ ತಿಳಿಯಾಗಿರುವ ಸ್ಕ್ವಿಡ್‌ಗಳು ಪಾಚಿಯ ಮೇಲೆ ಕಪ್ಪಾಗುವುದನ್ನು ಗಮನಿಸಿದರು. ಆಮೇಲೆ ಅರ್ಧ ತೊಳೆದ ತೊಟ್ಟಿಯಲ್ಲೇ ಪ್ರಯೋಗ ಹೂಡಿ 2022ರಲ್ಲಿ ಪ್ರಕಟಿಸಿದರು. ಇದೇ ಹೆಸರಿನ ಸ್ಕ್ವಿಡ್ ನಮ್ಮ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಲ್ಲೂ ಬಲೆಗೆ ಬೀಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ಬೊಂಡಾಸ್ ಬೇರೆ ಜಾತಿಯದು, ಯೂರೊಟ್ಯೂಥಿಸ್ ಡುವಾಸೆಲಿ.

ಚಿತ್ರ ಮೂಡುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಈಚಿನ ಒಳ್ಳೆಯ ಸುಳಿವುಗಳು ಬಂದಿರುವುದು ಸ್ಕ್ವಿಡ್‌ನ ದಾಯಾದಿ ಕಟಲ್‌ಫಿಶ್‌ನಿಂದ. ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲ್ಯಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ಜೀಲ್ ಲೊರಾನ್ ತಂಡ ಒಂದೊಂದು ಪ್ರಾಣಿಯ ಸಾವಿರಾರು ವರ್ಣಕೋಶಗಳನ್ನು ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದು ಬಿಡಿಬಿಡಿಯಾಗಿ ಹಿಂಬಾಲಿಸಿತು. ಒಟ್ಟೊಟ್ಟಿಗೆ ಅರಳುವ ಕೋಶಗಳು ಒಂದೇ ನರದ ಅಧೀನದಲ್ಲಿರಬೇಕು ಎಂದು ತರ್ಕಿಸಿ ಚರ್ಮದಿಂದ ಮಿದುಳಿನ ಕಡೆಗೆ ಹಿಮ್ಮುಖವಾಗಿ ನಡೆಯುವ ದಾರಿ ಅದು. 2023ರಲ್ಲಿ ಅವರಿಗೆ ಕಂಡದ್ದು ಇಷ್ಟು: ಪ್ರಾಣಿ ತನ್ನ ಬಳಿ ಇರುವ ಸಿದ್ಧ ಚಿತ್ರಗಳಿಂದ ಒಂದನ್ನು ಆರಿಸುವುದಿಲ್ಲ. ಗುರಿಯ ಕಡೆಗೆ ಅಡ್ಡಾದಿಡ್ಡಿ ಸಾಗುತ್ತದೆ, ನಡುವೆ ನಿಲ್ಲುತ್ತದೆ, ತಿದ್ದುತ್ತದೆ, ಮತ್ತೆ ಹೊರಡುತ್ತದೆ. ಬೆದರಿಸಿದಾಗ ಬಿಳಿಚಿಕೊಂಡು, ಅಪಾಯ ಕಳೆದ ಮೇಲೆ ಮೊದಲಿದ್ದ ಚಿತ್ರಕ್ಕೇ ಮರಳುವುದೂ ಉಂಟು. ಅದೇ ವರ್ಷ ಒಕಿನಾವಾದಲ್ಲಿ ನಿದ್ದೆ ಮಾಡುವ ಆಕ್ಟೋಪಸ್‌ಗಳನ್ನು ಗಮನಿಸಿದವರು, ನಿದ್ದೆಯ ಒಂದು ಹಂತದಲ್ಲಿ ಎಚ್ಚರದ ಚಿತ್ರಗಳೇ ಚರ್ಮದ ಮೇಲೆ ಓಡುವುದನ್ನು ದಾಖಲಿಸಿದರು. ಹಡಗಿನ ಸದ್ದು ಕೇಳಿಸಿದಾಗ ಕಟಲ್‌ಫಿಶ್ ಹೆಚ್ಚು ಸಲ ಬಣ್ಣ ಬದಲಿಸುತ್ತದೆ ಎಂದು 2014ರಲ್ಲೇ ಒಂದು ಅಧ್ಯಯನ ಹೇಳಿತ್ತು. ಕಿವಿಗೆ ಬಿದ್ದದ್ದು, ನಿದ್ದೆಯಲ್ಲಿ ಹಾಯ್ದದ್ದು, ಹೆದರಿಕೆ, ಸಂದೇಹ ಎಲ್ಲವೂ ಮೈಮೇಲೆ ಬರೆಯಲ್ಪಡುತ್ತವೆ. ಬೇರೆ ಪ್ರಾಣಿಗಳ ಮಿದುಳನ್ನು ಓದಲು ತಲೆಬುರುಡೆ ಕೊರೆದು ತಂತಿ ಇಳಿಸಬೇಕು, ಇಲ್ಲಿ ಒಳ್ಳೆಯ ಕ್ಯಾಮೆರಾ ಸಾಕು.

ಈ ಸೌಲಭ್ಯ ಪುಕ್ಕಟೆಯಲ್ಲ. ಅಮೆರಿಕದ ವಾಲಾ ವಾಲಾ ವಿಶ್ವವಿದ್ಯಾಲಯದವರು 2024ರಲ್ಲಿ ಆಕ್ಟೋಪಸ್ ಚರ್ಮ ಬಳಸುವ ಆಮ್ಲಜನಕವನ್ನು ಅಳೆದರು. ಎಲ್ಲ ವರ್ಣಕೋಶಗಳನ್ನೂ ಪೂರ್ತಿ ಅರಳಿಸಿ ಹಿಡಿಯಲು ತಗಲುವ ಶಕ್ತಿ, ವಿಶ್ರಾಂತಿಯಲ್ಲಿರುವಾಗ ಉಳಿದ ದೇಹಕ್ಕೆಲ್ಲ ಬೇಕಾಗುವಷ್ಟಕ್ಕೆ ಹತ್ತಿರವಿತ್ತು.

ಇಷ್ಟು ತಿಳಿದ ಮೇಲೆ ಪ್ರಯೋಗಾಲಯದ ಸುದ್ದಿಗಳ ತೂಕ ಸ್ಪಷ್ಟವಾಗುತ್ತದೆ. ಬಣ್ಣದ್ರವ್ಯ ಬ್ಯಾಕ್ಟೀರಿಯಾದಿಂದ ಬಂತು. ರಿಫ್ಲೆಕ್ಟಿನ್‌ನ ನಕಲು ಬಂತು, ಅದನ್ನು ಮನುಷ್ಯರ ಕೋಶಗಳೊಳಗೆ ತಯಾರಾಗುವಂತೆ ಮಾಡಿ ಅವುಗಳ ಪಾರದರ್ಶಕತೆಯನ್ನು ಬದಲಿಸಿದ್ದನ್ನೂ ಗೊರೊಡೆಟ್ಸ್ಕಿ ತಂಡ 2020ರಲ್ಲಿ ತೋರಿಸಿದೆ. ಅದೇ ವರ್ಷ ವುಡ್ಸ್ ಹೋಲ್‌ನಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಬಣ್ಣ ತಯಾರಿಯ ಒಂದು ಜೀನನ್ನು ಕೆಡಿಸಿ, ಚುಕ್ಕೆಗಳ ಬಣ್ಣವೇ ಮಾಯವಾದ ಸ್ಕ್ವಿಡ್ ಮರಿಗಳನ್ನು ಪಡೆದರು. ಸಾಮಗ್ರಿಯ ಮಟ್ಟಿಗೆ ಕೈ ಬಹಳ ದೂರ ಹೋಗಿದೆ. ಹೋಗದಿರುವುದು ಆಳ್ವಿಕೆಯ ಕಡೆಗೆ. ಅರ್ವೈನ್‌ನ ಹಾಳೆಗೆ ಬಣ್ಣ ಬದಲಿಸು ಎಂದು ಯಾರಾದರೂ ಹೇಳಬೇಕು, ಎಳೆಯಬೇಕು, ಬಾಗಿಸಬೇಕು. ಎದುರಿಗೆ ಯಾರ ಕಣ್ಣಿದೆ, ಎಷ್ಟು ದೂರದಲ್ಲಿದೆ, ಯಾವ ಬೆಳಕಿನಲ್ಲಿ ನೋಡುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಸಾವಿರಾರು ಚುಕ್ಕೆಗಳಿಗೆ ಬೇರೆ ಬೇರೆ ಆಜ್ಞೆ ಕಳಿಸುವ ತಂತಿಜಾಲವನ್ನು ಬಟ್ಟೆಯೊಳಗೆ ಹೆಣೆಯುವುದು, ಅದಕ್ಕೆ ಶಕ್ತಿ ಒದಗಿಸುವುದು, ನೋಡಿ ತಿದ್ದುವ ಲೆಕ್ಕಾಚಾರವನ್ನು ಅದರ ಹಿಂದೆ ಕೂರಿಸುವುದು, ಇವೆಲ್ಲ ಬೇರೆಯೇ ಎತ್ತರದ ಕೆಲಸಗಳು. ಸದ್ಯದ ನಕಲುಗಳು ದೋಣಿಯಿಂದ ಇಳಿದ ಬೊಂಡಾಸಿನ ಹಾಗೆ, ಮುಟ್ಟಿದರೆ ಮಿನುಗುತ್ತವೆ.

ಹಾಗೆಂದು ಅವುಗಳಿಂದ ಉಪಯೋಗವಿಲ್ಲವೆಂದಲ್ಲ. ಅರ್ವೈನ್ ತಂಡ 2019ರಲ್ಲೇ ಎಳೆದಷ್ಟೂ ಮೈಶಾಖವನ್ನು ಹೆಚ್ಚು ಹೊರಬಿಡುವ, ಸಡಿಲಿಸಿದರೆ ಹಿಡಿದಿಡುವ ಹೊದಿಕೆಯೊಂದನ್ನು ತೋರಿಸಿತ್ತು. ಅದಕ್ಕೆ ಮಿದುಳು ಬೇಕಿಲ್ಲ, ಹೊದ್ದವರ ಕೈ ಸಾಕು. ಜಾಂತೊಮ್ಯಾಟಿನ್ ಅತಿನೇರಳೆ ಬೆಳಕನ್ನು ಹೀರುತ್ತದೆ. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಲೀಲಾ ಡೆರಾವಿ ಅವರು ಈ ಗುಣವನ್ನು ಸನ್‌ಸ್ಕ್ರೀನ್‌ಗೆ ಬಳಸುವ ದಾರಿಯನ್ನು ಕೆಲವು ವರ್ಷಗಳಿಂದ ಹುಡುಕುತ್ತಿದ್ದಾರೆ. ದ್ರವ್ಯದ ಅಭಾವ ಅಲ್ಲಿನ ದೊಡ್ಡ ತೊಡಕಾಗಿತ್ತು, ಸ್ಯಾನ್ ಡಿಯಾಗೊದ ಬ್ಯಾಕ್ಟೀರಿಯಾ ಈಗ ಅದನ್ನು ನೀಗಿಸಬಹುದು. ಸೈನಿಕನನ್ನು ಮಾಯ ಮಾಡುವ ಉಡುಪಿಗಿಂತ ಎಷ್ಟೋ ಮೊದಲು ಈ ಬಣ್ಣ ಔಷಧಿ ಅಂಗಡಿಯ ಕಪಾಟಿಗೆ, ಮುಖಕ್ಕೆ ಹಚ್ಚುವ ಟ್ಯೂಬಿನಲ್ಲಿ ಬಂದೀತು.